ಕುತ್ತಿಗೆಗೆ ದಿಕ್ಕಿಲ್ಲ

ನಮ್ಮಕ್ಕ ಡಾಕ್ಟರು. ಆದರೆ ಕೆಮ್ಮಿಗೆ ಮಾತ್ರೆ ಬರೆದುಕೊಡುವ ಡಾಕ್ಟರಲ್ಲ. ಈ ಸಂಗತಿಯನ್ನು ನಮ್ಮಮ್ಮ ಇವತ್ತಿಗೂ ಹೊಟ್ಟೆಗೆ ಹಾಕಿಕೊಂಡಿಲ್ಲ. ಭೌತಶಾಸ್ತ್ರ ಓದಿದವಳು ತನ್ನ ಹೆಸರಿನ ಮುಂದೆ ಡಾಕ್ಟರ್ ಅಂತ ಬರೆದುಕೊಳ್ಳುವುದು ಅಮ್ಮನ ಪ್ರಕಾರ ಸರ್ಕಾರವೇ ಒಪ್ಪಿಕೊಂಡುಬಿಟ್ಟಿರುವ ಒಂದು ಮೋಸ. ಅಮ್ಮ ಸ್ಕೂಲಿನಲ್ಲಿ ಹೆಡ್‌ಮೇಡಂ ಆಗಿದ್ದವಳು, ಮೋಸ ಕಂಡರೆ ಸುಮ್ಮನಿರುವ ಪೈಕಿಯಲ್ಲ. ಪಕ್ಕದ ಮನೆಯವರು ಮಂಡಿ ನೋವು ಅಂತ ಅಕ್ಕನನ್ನು ಹುಡುಕಿಕೊಂಡು ಬಂದರೆ ಬಾಗಿಲಲ್ಲೇ ತಡೆದು, "ಇವಳ ಹತ್ರ ಏನೂ ಸಿಗಲ್ಲ. ಇವಳು ಬರೀ ಫೋಟೋ ತೆಗಿಯೋಳು" ಅಂತ ಹೇಳಿ ಕಳಿಸಿಬಿಡುತ್ತಿದ್ದಳು.

ಫೋಟೋ ಅನ್ನುವುದು ಪೂರ್ತಿ ಸುಳ್ಳೂ ಅಲ್ಲ. ಅಕ್ಕ ಕೆಲಸ ಮಾಡುವುದು ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಅಲ್ಲಿ ಮೈಯೊಳಗಿನ ಚಿತ್ರ ತೆಗೆಯುವ ಯಂತ್ರವಿದೆ. ಹಲಗೆಯ ಮೇಲೆ ಮಲಗಿದರೆ ಹಲಗೆ ಮೆಲ್ಲಗೆ ಗವಿಯೊಳಗೆ ಹೋಗುತ್ತದೆ, ಒಳಗೆ ಯಾರೋ ತಗಡು ಬಡಿದ ಹಾಗೆ ಸದ್ದು. ಸಾಮಾನ್ಯವಾಗಿ ಮಂಡಿ ನೋವು ಅಂದವರಿಗೆ ಮಂಡಿ ಮಾತ್ರ, ತಲೆನೋವು ಅಂದವರಿಗೆ ತಲೆ ಮಾತ್ರ. ಇಡೀ ಮನುಷ್ಯನನ್ನು ತೆಗೆಯಬೇಕಾದರೆ ಅರ್ಧ ದಿನ ಹಿಡಿಯುತ್ತಿತ್ತು, ಅಷ್ಟರಲ್ಲಿ ಮಲಗಿದವರು ಬೇಸತ್ತು ಎದ್ದು ಹೋಗುತ್ತಿದ್ದರು. ಅಕ್ಕ ತನ್ನ ಒಳ್ಳೇ ವಯಸ್ಸನ್ನೆಲ್ಲ ಸುರಿದದ್ದು ಒಂದೇ ಕೆಲಸಕ್ಕೆ. ಮಂಡಿಗೆ ಬೇಕಾದಷ್ಟೇ ಹೊತ್ತಿನಲ್ಲಿ ನೆತ್ತಿಯಿಂದ ಅಂಗಾಲಿನವರೆಗೆ ಇಡೀ ಮೈ ಬರಬೇಕು. ಕೊನೆಗೆ ಬಂತು ಕೂಡ. ಆದರೆ ಆ ಚಿತ್ರವನ್ನು ಓದುವವರು ಬೇಕಲ್ಲ? ಲಿವರ್ ನೋಡಿ ನೋಡಿ ಕೂದಲು ನರೆತ ಡಾಕ್ಟರಿಗೆ ಇಡೀ ಮೈಯ ಚಿತ್ರ ಕೊಟ್ಟರೆ, ತನ್ನ ಬೀದಿ ಬಿಟ್ಟು ಹೊರಗೆ ಹೋಗದವನ ಕೈಗೆ ಊರಿನ ನಕ್ಷೆ ಕೊಟ್ಟ ಹಾಗಾಗುತ್ತಿತ್ತು. ಅದಕ್ಕೇ ಹೊಸಬರನ್ನು ಕೂರಿಸಿಕೊಂಡು ತರಬೇತಿ ಕೊಡಬೇಕು ಅನ್ನುವುದು ಅವಳ ಹಟ.

ನಾನು ಅದೇ ಆಸ್ಪತ್ರೆಯ ಪ್ರಚಾರ ವಿಭಾಗದಲ್ಲಿದ್ದೇನೆ. ನಿರ್ದೇಶಕರ ಭಾಷಣ ಬರೆಯುವುದು, ಯಾವ ಗೋಡೆಯ ಮೇಲೆ ಯಾವ ದಾನಿಯ ಹೆಸರು ಎಷ್ಟು ದಪ್ಪ ಅಕ್ಷರದಲ್ಲಿ ಕೆತ್ತಿಸಬೇಕು ಅನ್ನುವುದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಕ್ಕನ ವಶೀಲಿಯಿಂದ ಸೇರಿಕೊಂಡೆ ಅಂತ ಬಹಳ ಜನ ತಿಳಿದಿದ್ದಾರೆ. ಅವಳು ವಿಜ್ಞಾನಿ. ಅವಳ ಮಾತನ್ನು ಆಸ್ಪತ್ರೆಯಲ್ಲಿ ಯಾರು ಕೇಳುತ್ತಾರೆ? ಅವಳ ಕೋಣೆಯ ಸೋರುವ ನಲ್ಲಿ ರಿಪೇರಿಯಾದದ್ದೇ ನನ್ನ ವಶೀಲಿಯಿಂದ.

ಸಂಶೋಧನೆಗೂ ತರಬೇತಿಗೂ ಹಣ ಬೇಕಿತ್ತು. ಅಕ್ಕ ಎಲ್ಲ ಕಡೆ ಅರ್ಜಿ ಹಾಕಿದಳು. ಹೃದಯದ ಸಂಘದವರು, ಕೆಲಸವೇನೋ ಬಹಳ ಚೆನ್ನಾಗಿದೆ, ಆದರೆ ಇದರಲ್ಲಿ ಕಿಡ್ನಿ ಯಾಕೆ ಬಂತು ಅಂತ ಕೇಳಿದರು. ಕಿಡ್ನಿಯವರು ತಲೆ ಯಾಕೆ ಬಂತು ಅಂದರು. ಒಂದು ದೊಡ್ಡ ಸಮಿತಿಯ ಮುಂದೆ ಇವಳು ಮಾತಾಡುತ್ತಿರುವಾಗ ಮಿದುಳಿನ ತಜ್ಞರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇಡೀ ದೇಹ ಅಂತೀರಲ್ಲ ಮೇಡಂ, ಅದು ಯಾವ ವಿಭಾಗಕ್ಕೆ ಬರುತ್ತೆ?" ಅಂತ ಗಂಭೀರವಾಗಿ ವಿಚಾರಿಸಿದರಂತೆ.

"ಮನುಷ್ಯರ ವಿಭಾಗಕ್ಕೆ ಅಂತ ಅನ್ನಬೇಕಿತ್ತು ನೀನು," ಅಂದರು ಭಾವ. ಭಾವನದು ಕನ್ನಡಕದ ಅಂಗಡಿ. ಮನೆಯಲ್ಲಿ ಮಾತಾಡುವುದು ಕಮ್ಮಿ.

"ಅಂದೆ," ಅಂದಳು ಅಕ್ಕ. "ಅಂಥ ವಿಭಾಗ ಇಲ್ಲ ಅಂದ್ರು."

ಹೀಗೆ ಎಲ್ಲರೂ ಕೈ ಎತ್ತಿದ ಮೇಲೆ ನಿರ್ದೇಶಕರು ಅವಳನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ. ನಮ್ಮ ನಿರ್ದೇಶಕರು ಒಂದು ಕಾಲಕ್ಕೆ ಒಳ್ಳೇ ಸರ್ಜನ್ ಆಗಿದ್ದವರಂತೆ. ನಾನು ನೋಡುವ ಹೊತ್ತಿಗೆ ಅವರ ಕೈಗೆ ಕತ್ತರಿ ಬಂತೆಂದರೆ ಎಲ್ಲೋ ರಿಬ್ಬನ್ ಕಟ್ಟಿದ್ದಾರೆ ಅಂತಲೇ ಅರ್ಥ.

"ಮೇಡಂ, ನಿಮಗೆ ಕೇಳೋಕೆ ಬರಲ್ಲ," ಅಂದರು ಅವರು. "ಇಡೀ ಮೈ ಅಂದ್ರೆ ಯಾರಿಗೆ ಕಣ್ಣೀರು ಬರುತ್ತೆ ಹೇಳಿ? ಹಾರ್ಟ್ ಅನ್ನಿ, ಅಳ್ತಾರೆ. ಲಿವರ್ ಅನ್ನಿ, ಅಳ್ತಾರೆ. ಯಾರ ಮನೇಲೂ ಯಾರೂ 'ಇಡೀ ಮೈಯಿಂದ' ಸತ್ತಿರಲ್ಲ. ಒಂದು ಕೆಲಸ ಮಾಡಿ. ಮೈನ ಪಾಲು ಮಾಡಿ. ಒಬ್ಬೊಬ್ಬರಿಗೆ ಒಂದೊಂದು ಭಾಗ."

"ಯಂತ್ರ ಒಂದೇ ಸಲಕ್ಕೆ ಎಲ್ಲಾ ತೆಗಿಯುತ್ತೆ ಸಾರ್. ಪಾಲು ಮಾಡೋದು ಹೇಗೆ?"

"ಯಂತ್ರ ಮಾಡೋದು ಬೇಡ. ಕಾಗದದ ಮೇಲೆ ಮಾಡಿದ್ರೆ ಸಾಕು."

ಅಕ್ಕನಿಗೆ ಬೇರೆ ದಾರಿ ಇರಲಿಲ್ಲ. ಹೂಂ ಅಂದಳು. ಆಮೇಲೆ ನಿರ್ದೇಶಕರು ಹುರುಪಿನಿಂದ ಓಡಾಡಿ ಒಂದೇ ವರ್ಷದಲ್ಲಿ ನಾಲ್ಕು ಜನ ದಾನಿಗಳನ್ನು ಹಿಡಿದು ತಂದರು.

ಹೃದಯವನ್ನು ವಹಿಸಿಕೊಂಡವರು ಕಂಟ್ರಾಕ್ಟರ್ ಸಾಹೇಬರು. ಅವರ ತಂದೆ ಹೃದಯಾಘಾತದಿಂದ ಹೋದವರು, ಅವರ ನೆನಪಿಗೆ ಪ್ರತಿಷ್ಠಾನ. ಇವರು ಕಟ್ಟಿದ ಸೇತುವೆಗಳನ್ನು ದಾಟುವಾಗ ಜನರ ಎದೆ ಹೊಡೆದುಕೊಳ್ಳುವುದರಿಂದ ಈ ಅಂಗ ಇವರಿಗೇ ಸಲ್ಲಬೇಕಾದದ್ದು ಅಂತ ನಮ್ಮ ಆಫೀಸಿನಲ್ಲಿ ಮಾತಾಡಿಕೊಂಡೆವು. ಲಿವರನ್ನು ತೆಗೆದುಕೊಂಡವರು ಹೆಂಡದ ವ್ಯಾಪಾರಿ. ಮೂರು ತಲೆಮಾರಿನಿಂದ ಊರಿನ ಲಿವರುಗಳ ಜೊತೆ ವ್ಯವಹಾರ ಇಟ್ಟುಕೊಂಡಿರುವ ಮನೆತನ. ಹೊಟ್ಟೆಯಲ್ಲಿರುವ ಉಳಿದದ್ದೆಲ್ಲ ಲಿವರಿನ ಬಳುವಳಿಯಾಗಿ ಅವರ ಪಾಲಿಗೇ ಹೋಯಿತು. ತಲೆಯನ್ನು ಟ್ಯೂಷನ್ ಕ್ಲಾಸುಗಳ ಯಜಮಾನರು ಕೊಂಡರು. ಕಾಲಿಗೆ ಮಾತ್ರ ಬಹಳ ದಿನ ಯಾರೂ ಸಿಗಲಿಲ್ಲ. ಕಾಲಿನಿಂದ ಯಾರೂ ಸಾಯುವುದಿಲ್ಲ ಅಂತ ಎಲ್ಲರ ನಂಬಿಕೆ. ಕಡೆಗೆ ಚಪ್ಪಲಿ ಅಂಗಡಿಗಳ ಸಾಹುಕಾರರೊಬ್ಬರು ಮನಸ್ಸು ಮಾಡಿದರು, ರಿಪೋರ್ಟಿನ ಲಕೋಟೆಯ ಮೇಲೆ ತಮ್ಮ ಅಂಗಡಿಯ ಜಾಹೀರಾತು ಇರಬೇಕು ಅನ್ನುವ ಷರತ್ತಿನ ಮೇಲೆ. ಕೈಗಳ ವಿಷಯ ಯಾರಿಗೂ ಹೊಳೆದಿರಲಿಲ್ಲ. ಮಲಗಿದಾಗ ಕೈಗಳು ಮೈ ಪಕ್ಕದಲ್ಲೇ ಇರುತ್ತವಾದ್ದರಿಂದ ತೋಳು ಕಂಟ್ರಾಕ್ಟರಿಗೆ, ಮೊಣಕೈ ಹೆಂಡದವರಿಗೆ, ಬೆರಳುಗಳು ಚಪ್ಪಲಿಯವರಿಗೆ ಅಂತ ನಿರ್ದೇಶಕರೇ ಹಂಚಿದರು. ನಾನು ನಾಲ್ಕು ಫಲಕ ಬರೆಸಿದೆ. ನಾಲ್ಕು ಸಲ ರಿಬ್ಬನ್ ಕತ್ತರಿಸಿದ್ದಾಯಿತು, ಒಂದೇ ಬಾಗಿಲಿಗೆ.

ಗದ್ದದವರೆಗೆ ತಲೆ, ಕೊರಳ ಮೂಳೆಯಿಂದ ಕೆಳಗೆ ಎದೆ. ನಡುವೆ ಒಂದು ಗೇಣಿನಷ್ಟು ಜಾಗಕ್ಕೆ ಹೇಳುವವರು ಕೇಳುವವರು ಇರಲಿಲ್ಲ. ಕುತ್ತಿಗೆಗೆ ದಿಕ್ಕಿಲ್ಲ ಅನ್ನುವುದು ಆಗ ಯಾರ ಗಮನಕ್ಕೂ ಬರಲಿಲ್ಲ. ಬಂದದ್ದು ಲೆಕ್ಕದ ಅಧಿಕಾರಿಯ ಗಮನಕ್ಕೆ. ಯಾರೂ ದುಡ್ಡು ಕೊಡದ ಭಾಗದ ಚಿತ್ರವನ್ನು ಯಾರದೋ ದುಡ್ಡಿನಲ್ಲಿ ತೆಗೆಯುತ್ತಿದ್ದೀರಿ, ಇದು ಹಣದ ದುರುಪಯೋಗ ಅಂತ ಅವರು ತಗಾದೆ ತೆಗೆದರು. ಅದು ಹೇಗೋ ದಾನಿಗಳ ಕಿವಿಗೂ ಬಿತ್ತು. ಎಲ್ಲರಿಗಿಂತ ಜೋರಾಗಿ ಕೂಗಾಡಿದವರು ಕಂಟ್ರಾಕ್ಟರ್ ಸಾಹೇಬರು. "ನಮ್ಮಪ್ಪನ ಹೆಸರಿನ ದುಡ್ಡು ಅದು. ಹಾರ್ಟ್ ಬಿಟ್ಟು ಬೇರೆ ಏನೇ ನೋಡಿದ್ರೂ ನಾನು ಸುಮ್ಮನಿರಲ್ಲ" ಅಂದರು. ಹಾಗಂತ ಕರಾರಿಗೆ ಒಂದು ಷರತ್ತನ್ನೂ ಸೇರಿಸಿದರು.

ನಿರ್ದೇಶಕರು ಯಂತ್ರದ ಕಂಪನಿಯವನನ್ನು ಕರೆಸಿ ಒಂದು ಏರ್ಪಾಟು ಮಾಡಿಸಿದರು. ರಿಪೋರ್ಟಿನ ಚಿತ್ರ ಅಚ್ಚಾಗಿ ಬರುವಾಗ ಕುತ್ತಿಗೆಯ ಜಾಗದಲ್ಲಿ ಒಂದು ಕಪ್ಪು ಪಟ್ಟಿ ಬೀಳುತ್ತದೆ. ಮೇಲೆ ತಲೆ, ಆಮೇಲೆ ಕಪ್ಪು, ಆಮೇಲೆ ಎದೆ. ಮೊದಲ ಸಲ ಆ ಚಿತ್ರ ನೋಡಿದ ಮುದುಕರೊಬ್ಬರು ನೆಲಮಾಳಿಗೆಯ ಕಾರಿಡಾರಿನಲ್ಲೇ ಕುಸಿದು ಕೂತು, "ನನಗೆ ಇಷ್ಟೊಂದು ಆಗಿದೆ ಅಂತ ಯಾರೂ ಹೇಳಲೇ ಇಲ್ಲ" ಅಂತ ಅತ್ತರು.

ತರಬೇತಿಗೂ ಅದೇ ಗತಿ ಬಂತು. ಅಕ್ಕ ಕೇಳಿದ್ದು ಒಂದಿಷ್ಟು ಕಲಿಯುವವರನ್ನು. ದಾನಿಗಳು ಕಳಿಸಿದ್ದು ತಂತಮ್ಮ ಭಾಗದವರನ್ನು. ಹೃದಯದವರಿಗೆ ಹೃದಯದವರು ಸಂಬಳ ಕೊಡಬೇಕು, ಕಾಲಿನವರಿಗೆ ಕಾಲಿನವರು. ಕತ್ತಲೆ ಕೋಣೆಯಲ್ಲಿ ದೊಡ್ಡ ಪರದೆಯ ಮುಂದೆ ಎಲ್ಲರೂ ಕೂರುತ್ತಿದ್ದರು. ಅಕ್ಕ ನೆತ್ತಿಯಿಂದ ಶುರುಮಾಡಿ ಕೆಳಗೆ ಇಳಿಯುತ್ತಿದ್ದಳು. ಗದ್ದ ಮುಗಿಯುತ್ತಿದ್ದ ಹಾಗೆ ತಲೆಯವರು ಎದ್ದು ಕಾಫಿಗೆ ಹೊರಟುಬಿಡುತ್ತಿದ್ದರು. ಎದೆಗೂಡು ದಾಟಿದರೆ ಹೃದಯದವರು ಫೋನ್ ತೆಗೆಯುತ್ತಿದ್ದರು. ಕಾಲಿನ ಇಬ್ಬರು ಮೊದಲಿಂದ ನಿದ್ದೆ ಮಾಡಿ, ಸೊಂಟ ಬಂತು ಅಂತ ಯಾರಾದರೂ ತಿವಿದಾಗ ಏಳುತ್ತಿದ್ದರು.

ಅವರಲ್ಲಿ ಕಂಟ್ರಾಕ್ಟರ್ ಪ್ರತಿಷ್ಠಾನದ ಹುಡುಗನೊಬ್ಬ ಇದ್ದ. ಹುಡುಗನೇನು, ಡಾಕ್ಟರು. ಮುಖ ತುಂಬ ಗಡ್ಡ, ಎಲ್ಲರೂ ಗಡ್ಡದ ಡಾಕ್ಟರು ಅಂತಲೇ ಕರೆಯುತ್ತಿದ್ದರು. ಒಂದು ದಿನ ಹೊಟ್ಟೆ ಶುರುವಾಗುತ್ತಲೇ ಅವನು ಎದ್ದ.

"ಎಲ್ಲಿಗಪ್ಪ?" ಅಂದಳು ಅಕ್ಕ.

"ನಮ್ದು ಮುಗೀತಲ್ಲ ಮೇಡಂ."

"ನಿನ್ನ ಹಾರ್ಟು ಗಾಳೀಲಿ ತೂಗಾಡ್ತಿದೆಯಾ? ಕೂತ್ಕೊ. ಹೊಟ್ಟೆ ನೋಡಿದ್ರೆ ಕಣ್ಣು ಸವೆಯಲ್ಲ."

ಅವನು ಕೂತ. ಮರುದಿನವೂ ಕೂತ. ಆಮೇಲಾಮೇಲೆ ಅಂಗಾಲು ಬರುವ ತನಕ ಎದ್ದದ್ದೇ ಇಲ್ಲ. ಅಕ್ಕ ಮನೆಗೆ ಬಂದು, "ಒಬ್ಬ ಸಿಕ್ಕಿದ," ಅಂದಳು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನಾನು ನಾಲ್ಕು ರಿಬ್ಬನ್ನುಗಳಲ್ಲಿ ಒಂದಕ್ಕೂ ನೋಡಿರಲಿಲ್ಲ.

"ಅವನಾದ್ರೂ ಕೆಮ್ಮಿಗೆ ಮಾತ್ರೆ ಕೊಡ್ತಾನೋ ಇಲ್ಲವೋ?" ಅಂತ ಅಮ್ಮ ಒಳಗಿಂದ ಕೇಳಿದಳು.

ಹೃದಯದ ಹಣ ಬಂದು ವರ್ಷವಾದಾಗ ನಿರ್ದೇಶಕರಿಗೆ ಒಂದು ಯೋಚನೆ ಬಂತು. ಹೃದಯದ ದಾನಿಯನ್ನೇ ಯಂತ್ರದಲ್ಲಿ ಮಲಗಿಸಿ, ಅವರ ಹೃದಯದ ಚಿತ್ರವನ್ನು ಚೌಕಟ್ಟು ಹಾಕಿಸಿ ಅವರಿಗೇ ಸಮಾರಂಭದಲ್ಲಿ ಕೊಟ್ಟರೆ ಹೇಗೆ? ಕಂಟ್ರಾಕ್ಟರ್ ಸಾಹೇಬರು ತಕ್ಷಣ ಒಪ್ಪಿದರು. ಮೇಲಿನ ಸಭಾಂಗಣದಲ್ಲಿ ಕುರ್ಚಿ ಹಾಕಿಸಿ, ಹೂಗುಚ್ಛ ತರಿಸಿ, 'ವಿಶಾಲ ಹೃದಯ' ಅನ್ನುವ ಮಾತು ಐದಾರು ಕಡೆ ಬರುವ ಹಾಗೆ ನಾನು ಭಾಷಣ ಬರೆದಿಟ್ಟಿದ್ದೆ. ಸಾಹೇಬರು ಕೆಳಗೆ ಹೋಗಿ, ಉಂಗುರ ಗಡಿಯಾರ ಎಲ್ಲ ಬಿಚ್ಚಿಟ್ಟು, ಆಸ್ಪತ್ರೆಯ ನೀಲಿ ನಿಲುವಂಗಿ ತೊಟ್ಟು ಮಲಗಿದರು. ಆ ಅಂಗಿಯಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆ, ಸಾಹೇಬರೂ.

ಹೃದಯ ಚೆನ್ನಾಗಿತ್ತು. ವಿಶಾಲವೇನೂ ಇರಲಿಲ್ಲ, ಎಷ್ಟಿರಬೇಕೋ ಅಷ್ಟೇ ಇತ್ತು. ಆದರೆ ಹೃದಯಕ್ಕೆ ಬರುವ ಮೊದಲೇ ಗಡ್ಡದ ಡಾಕ್ಟರ ಕೈ ನಿಂತುಬಿಟ್ಟಿತ್ತು.

"ಮೇಡಂ, ಇಲ್ಲಿ..."

"ನೋಡಿದೆ," ಅಂದಳು ಅಕ್ಕ.

ಕುತ್ತಿಗೆಯ ಮುಂಭಾಗದಲ್ಲಿ, ಥೈರಾಯ್ಡ್ ಗ್ರಂಥಿಯ ಒಂದು ಪಕ್ಕ ಪುಟ್ಟ ಗಂಟು. ಅದರ ಅಂಚು ನೆಟ್ಟಗಿರಲಿಲ್ಲ. ಅವನು ಇನ್ನೊಂದು ಸಲ ನೋಡಿ, ಚಿತ್ರ ಓದುವ ಹಿರಿಯ ಡಾಕ್ಟರೊಬ್ಬರನ್ನು ಕರೆತಂದು ತೋರಿಸಿದ. ಅವರೂ ಸೂಜಿ ಹಾಕಿ ಪರೀಕ್ಷೆ ಮಾಡಿಸಲೇಬೇಕು ಅಂದು, ಇದನ್ನು ಹೇಳುವ ತಾಪತ್ರಯ ನನಗೆ ಬೇಡಪ್ಪ ಅನ್ನುವ ಹಾಗೆ ಬಂದ ದಾರಿಯಲ್ಲೇ ಹೊರಟುಹೋದರು.

ನಿರ್ದೇಶಕರು ಚೌಕಟ್ಟು ಹಿಡಿದುಕೊಂಡು ಚಿತ್ರಕ್ಕೆ ಕಾಯುತ್ತಿದ್ದರು. ವಿಷಯ ಕೇಳಿ ಅವರ ಮುಖ ಇಳಿಯಿತು.

"ಅಲ್ಲಿ ಕಪ್ಪು ಪಟ್ಟಿ ಇರುತ್ತಲ್ಲ ಮೇಡಂ?"

"ಪಟ್ಟಿ ಇರೋದು ಪ್ರಿಂಟಿಗೆ ಸಾರ್. ಅವರ ಕುತ್ತಿಗೆಗಲ್ಲ."

"ನೀವು ಸ್ವಲ್ಪ ಅರ್ಥ ಮಾಡ್ಕೊಳ್ಳಿ. ಹಾರ್ಟ್ ಬಿಟ್ಟು ಬೇರೆ ನೋಡಕೂಡದು ಅಂತ ಷರತ್ತು ಹಾಕಿದ್ದೇ ಅವರು. ಈಗ ನೋಡಿದ್ದೀವಿ ಅಂದ್ರೆ ಕರಾರು ಮುರಿದ ಹಾಗಾಗುತ್ತೆ. ದುಡ್ಡು ವಾಪಸ್ ಕೊಡಿ ಅಂದ್ರೆ ನಾನು ಎಲ್ಲಿಗೆ ಹೋಗಲಿ? ಇವತ್ತು ಬೇಡ. ಸಮಾರಂಭ ಮುಗೀಲಿ. ಯಾವತ್ತಾದ್ರೂ ಸಿಕ್ಕಾಗ, ಮಾತಿಗೆ ಮಾತು ಬಂದಾಗ, 'ಕುತ್ತಿಗೆ ತೋರಿಸ್ಕೊಳ್ಳಿ ಸಾರ್' ಅಂತ ಸೂಕ್ಷ್ಮವಾಗಿ ಹೇಳೋಣ."

ಅಕ್ಕ ಅವರನ್ನು ದಾಟಿಕೊಂಡು ಹೋಗಿ ಬಟ್ಟೆ ಬದಲಾಯಿಸುವ ಕೋಣೆಯ ಬಾಗಿಲು ತಟ್ಟಿದಳು. ಸಾಹೇಬರು ಅಂಗಿಯ ಕಾಲರ್ ಗುಂಡಿ ಹಾಕಿಕೊಳ್ಳುತ್ತಾ ಹೊರಗೆ ಬಂದರು. ಅವರನ್ನು ಮೇಲಕ್ಕೆ ಕರೆದೊಯ್ಯಲು ನಾನು ಹೂಗುಚ್ಛ ಹಿಡಿದು ನಿಂತಿದ್ದೆ. ಅಕ್ಕ ಸುತ್ತಿಬಳಸದೆ ಹೇಳಿದಳು. ಹಾರ್ಟ್ ಚೆನ್ನಾಗಿದೆ, ಕುತ್ತಿಗೆಯಲ್ಲಿ ಒಂದು ಗಂಟಿದೆ, ಏನೂ ಇಲ್ಲದೆಯೂ ಇರಬಹುದು, ಆದರೆ ಬೇಗ ಪರೀಕ್ಷೆ ಮಾಡಿಸಬೇಕು.

ಅವರ ಮುಖ ಕೆಂಪಾಯಿತು. "ನಾನು ಹಾರ್ಟ್ ತೋರಿಸೋಕೆ ಬಂದೋನು. ಕುತ್ತಿಗೆ ನೋಡಿ ಅಂತ ನಿಮಗೆ ಯಾರು ಹೇಳಿದ್ರು?"

"ದಾರೀಲಿ ಸಿಕ್ತು ಸಾರ್. ತಲೆಯಿಂದ ಎದೆಗೆ ಬರೋಕೆ ಬೇರೆ ದಾರಿ ಇಲ್ಲ."

"ನೀವು ಡಾಕ್ಟರಾ? ಮಾತ್ರೆ ಕೊಡೋ ಡಾಕ್ಟರಾ?"

"ಅಲ್ಲ."

"ಮತ್ತೆ!"

ನನ್ನ ಕೈಯಲ್ಲಿದ್ದ ಹೂಗುಚ್ಛವನ್ನು ತಳ್ಳಿಕೊಂಡು ಅವರು ಹೊರಟೇ ಹೋದರು. ಅದೊಂದು ವಿಷಯದಲ್ಲಿ ನಮ್ಮಮ್ಮನಿಗೂ ಆ ಸಾಹೇಬರಿಗೂ ಎಂಥ ಹೊಂದಾಣಿಕೆ ಅಂತ ನನಗೆ ಆ ಗಾಬರಿಯಲ್ಲೂ ಅನ್ನಿಸಿತು. ಮೇಲೆ ಸಭಾಂಗಣದಲ್ಲಿ ನಿರ್ದೇಶಕರು ಖಾಲಿ ಕುರ್ಚಿಯ ಪಕ್ಕ ನಿಂತು ವಿಶಾಲ ಹೃದಯದ ಭಾಷಣ ಓದಿ ಮುಗಿಸಿದರು. ಬರೆದದ್ದನ್ನು ಓದದೆ ಬಿಡುವ ಅಭ್ಯಾಸ ಅವರಿಗಿಲ್ಲ.

ಮುಂದಿನ ವಾರ, ಕರಾರು ಮುರಿದದ್ದಕ್ಕೆ ಕೇಸು ಹಾಕಿದ್ದೇವೆ ಅಂತ ಸಾಹೇಬರ ವಕೀಲರ ನೋಟಿಸು ಬಂತು. ಹೃದಯದ ಹಣ ನಿಂತಿತು, ಗಡ್ಡದ ಡಾಕ್ಟರ ಸಂಬಳ ನಿಂತಿತು. ಇದನ್ನು ಕೇಳಿ ಟ್ಯೂಷನ್ನಿನವರೂ ಚಪ್ಪಲಿಯವರೂ ನಮ್ಮ ತಲೆ, ನಮ್ಮ ಕಾಲು ಸರಿಯಾಗಿವೆಯಾ ಅಂತ ವಿಚಾರಿಸತೊಡಗಿದರು. ಹೆಂಡದ ವ್ಯಾಪಾರಿ ಒಬ್ಬರೇ ತಣ್ಣಗಿದ್ದರು. ಅವರ ವ್ಯಾಪಾರದಲ್ಲಿ ಗಲಾಟೆ ಹೊಸದಲ್ಲ. ನಿರ್ದೇಶಕರು ಅಕ್ಕನಿಗೆ, ಬಹಳ ದಣಿದಿದ್ದೀರಿ ಮೇಡಂ, ಕೆಲವು ದಿನ ರಜೆ ಮೇಲೆ ಹೋಗಿ ಅಂದರು. ನಮ್ಮ ಆಸ್ಪತ್ರೆಯಲ್ಲಿ ಕುತ್ತಿಗೆ ಹಿಡಿದು ಹೊರಗೆ ದಬ್ಬುವುದನ್ನು ಹೀಗೇ ಹೇಳುವುದು.

ಅಕ್ಕ ಮನೆಯಲ್ಲಿ ಕೂತಳು. ಮೊದಮೊದಲು ಕಪಾಟು ಒಪ್ಪಮಾಡಿದಳು, ಆಮೇಲೆ ಭಾವನ ಅಂಗಡಿಗೆ ಹೋಗಿ ಗಾಜು ಒರೆಸಿದಳು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ಕಂಡಿದ್ದೇನೆ, ಅತ್ತದ್ದನ್ನು ಕಂಡಿರಲಿಲ್ಲ. ಒಂದು ಸಂಜೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಕೊಂಡು ಅತ್ತಳು. ನೋಟಿಸಿಗಲ್ಲ. "ಆ ಹುಡುಗ ಈಗ ತಾನೇ ಕಣ್ಣು ಬಿಟ್ಟಿದ್ದ," ಅಂದಳು. "ಈಗ ಯಾವುದೋ ನರ್ಸಿಂಗ್ ಹೋಮಲ್ಲಿ ಮತ್ತೆ ಬರೀ ಹಾರ್ಟ್ ನೋಡ್ಕೊಂಡು ಇರ್ತಾನೆ."

"ಆ ಮನುಷ್ಯನಿಗೆ ಬೇಡದ್ದನ್ನ ನೀನ್ಯಾಕೆ ಹೇಳೋಕೆ ಹೋದೆ?" ಅಂದಳು ಅಮ್ಮ. "ನಾನು ಮಕ್ಕಳಿಗೆ ಲೆಕ್ಕ ತಪ್ಪಾಗಿದೆ ಅಂದ್ರೆ ಮಕ್ಕಳು ಕೇಳ್ತಿದ್ವು. ಅವರಪ್ಪಂದಿರಿಗೆ ಹೇಳಿದ್ರೆ ಜಗಳಕ್ಕೆ ಬರ್ತಿದ್ರು."

"ನನ್ನ ಅಂಗಡಿಗೂ ಹಾಗೇ," ಅಂದರು ಭಾವ. "ಕಣ್ಣು ಚೆನ್ನಾಗಿದೆ ಅಂತ ಹಾರಾಡಿ ಹೋಗ್ತಾರೆ. ಗೋಡೆಗೆ ಡಿಕ್ಕಿ ಹೊಡೆದ ಮೇಲೆ ಬರ್ತಾರೆ."

ಅಕ್ಕ ನನ್ನ ಕಡೆ ತಿರುಗಿ, "ಅವರು ಪರೀಕ್ಷೆ ಮಾಡಿಸ್ಕೊಂಡ್ರಾ ಅಂತ ಹೇಗಾದ್ರೂ ತಿಳ್ಕೊಂಡು ಬಾ," ಅಂದಳು.

"ನಿನ್ನ ಮೇಲೆ ಕೇಸು ಹಾಕಿದೋನು ಅಕ್ಕ ಅವನು."

"ಗಂಟಿಗೆ ಅದೆಲ್ಲ ಗೊತ್ತಿಲ್ಲ. ತಿಳ್ಕೊಂಡು ಬಾ."

ಸಾಹೇಬರ ಮ್ಯಾನೇಜರನ್ನು ಹಿಡಿದು, ಕಾಫಿ ಕುಡಿಸಿ ಬಾಯಿ ಬಿಡಿಸಿದೆ. ಸಾಹೇಬರು ಪರೀಕ್ಷೆ ಮಾಡಿಸಿಕೊಂಡಿದ್ದರು. ಆರೋಗ್ಯಕ್ಕಲ್ಲ, ಕೇಸಿಗೆ. ಕುತ್ತಿಗೆಯಲ್ಲಿ ಏನೂ ಇಲ್ಲ ಅಂತ ಇನ್ನೊಂದು ಆಸ್ಪತ್ರೆಯಿಂದ ಬರೆಸಿಕೊಂಡು ಬಂದರೆ ಅಕ್ಕನನ್ನು ಕೋರ್ಟಿನಲ್ಲಿ ನಿಲ್ಲಿಸಬಹುದು ಅಂತ ವಕೀಲರು ಹೇಳಿಕೊಟ್ಟಿದ್ದರಂತೆ. ಹೋದರು. ಆ ಆಸ್ಪತ್ರೆಯವರು ಸೂಜಿ ಹಾಕಿ ನೋಡಿ, ಕ್ಯಾನ್ಸರು, ಇನ್ನೂ ಚಿಕ್ಕದಿದೆ, ಈಗಲೇ ತೆಗೆದುಬಿಟ್ಟರೆ ಚಿಂತೆಯಿಲ್ಲ ಅಂದರು. ತೆಗೆದದ್ದೂ ಆಗಿತ್ತು. ಈಗ ಮನೆಯಲ್ಲಿ ಮಲಗಿದ್ದಾರೆ, ಗಂಟಲು ಕಟ್ಟಿದೆ, ಜೋರಾಗಿ ಮಾತಾಡುವ ಹಾಗಿಲ್ಲ. ಆಫೀಸಿನವರೆಲ್ಲ ಆರಾಮಾಗಿದ್ದೇವೆ ಅಂದ ಮ್ಯಾನೇಜರು.

ನಾನು ಬಂದು ಹೇಳಿದಾಗ ಅಕ್ಕ ಕುರ್ಚಿಯ ಮೇಲೆ ಕೂತು, "ಸದ್ಯ," ಅಂದಳು. ಅಷ್ಟೇ. ನಾನಾಗಿದ್ದರೆ ಎದೆ ತಟ್ಟಿಕೊಂಡು ಬೀದಿ ತುಂಬ ಹೇಳಿಕೊಂಡು ಬರುತ್ತಿದ್ದೆ.

ಕೆಲವು ದಿನ ಕಳೆದು ಸಾಹೇಬರು ಆಸ್ಪತ್ರೆಗೆ ಬಂದರು. ಕುತ್ತಿಗೆಯ ಗಾಯ ಕಾಣದ ಹಾಗೆ ಎತ್ತರದ ಕಾಲರ್. ಕೇಸು ವಾಪಸ್ ತೆಗೆದುಕೊಂಡಿದ್ದೇನೆ, ಹೃದಯದ ಹಣವೂ ಮೊದಲಿನ ಹಾಗೇ ಬರುತ್ತದೆ ಅಂದರು. ನಿರ್ದೇಶಕರು ಅವರನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿ, ಅಕ್ಕನ ರಜೆ ಆ ಕ್ಷಣಕ್ಕೆ ಮುಗಿಯಿತೆಂದು ಫೋನ್ ಮಾಡಿ, ನನ್ನಿಂದ ಹೂಗುಚ್ಛ ತರಿಸಿದರು. ಅಕ್ಕ ಬಂದಳು. ಸಾಹೇಬರು ಎದ್ದು ನಿಂತು ಕೈ ಮುಗಿದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ನೀವು ನನ್ನ ಕಣ್ಣು ತೆರೆಸಿದ್ರಿ ಮೇಡಂ," ಅಂತ ಕಟ್ಟಿದ ಗಂಟಲಲ್ಲೇ ಅಂದರು. "ನಾನು ಎಂಥ ತಪ್ಪು ಮಾಡ್ತಿದ್ದೆ ಅಂತ ಮಲಗಿದ್ದಾಗ ಅರ್ಥ ಆಯ್ತು."

ಅಕ್ಕನ ಮುಖ ಅರಳಿತು. ಇಷ್ಟು ವರ್ಷದಿಂದ ಕಾದಿದ್ದ ಮಾತು ಇನ್ನೇನು ಬಂತು ಅಂತ ನನಗೂ ಅನ್ನಿಸಿತು.

"ಎಲ್ಲರೂ ಹಾರ್ಟು ಹಾರ್ಟು ಅಂತಾರೆ. ಕುತ್ತಿಗೆನ ಕೇಳೋರೇ ಇಲ್ಲ! ನಾನು ತೀರ್ಮಾನ ಮಾಡಿದ್ದೀನಿ. ಕುತ್ತಿಗೆಗೆ ಅಂತಲೇ ಒಂದು ಪ್ರತಿಷ್ಠಾನ. ಹಾರ್ಟಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಕೊಡ್ತೀನಿ."

ನಿರ್ದೇಶಕರು ಚಪ್ಪಾಳೆ ತಟ್ಟಿದರು. ಕೋಣೆಯಲ್ಲಿ ನಾವು ನಾಲ್ಕೇ ಜನ, ಆದ್ದರಿಂದ ನಾನೂ ತಟ್ಟಬೇಕಾಯಿತು. ಅಕ್ಕ ಅವರನ್ನೇ ನೋಡುತ್ತಿದ್ದಳು. ಮೊದಲಿನ ಅಕ್ಕ ಆಗಿದ್ದರೆ ಅಲ್ಲೇ ಬೋರ್ಡಿನ ಮೇಲೆ ಚಿತ್ರ ಬರೆದು ಇಡೀ ಮೈಯ ಪಾಠ ಶುರುಮಾಡುತ್ತಿದ್ದಳು. ಆದರೆ ಭಾವನ ಅಂಗಡಿಯಲ್ಲಿ ಗಾಜು ಒರೆಸುತ್ತಾ ಅವಳು ಏನೋ ಯೋಚನೆ ಮಾಡಿದ್ದಿರಬೇಕು.

"ತುಂಬಾ ಒಳ್ಳೇದು ಸಾರ್," ಅಂದಳು ಮೆಲ್ಲಗೆ. "ಕುತ್ತಿಗೆ ಓದೋದನ್ನ ಕಲಿಸೋಕೆ ಜನ ಬೇಕಾಗುತ್ತೆ."

"ಎಷ್ಟು ಬೇಕಾದ್ರೂ ತಗೊಳ್ಳಿ."

"ಆದ್ರೆ ಒಂದು ವಿಷಯ. ಕುತ್ತಿಗೇಲಿ ಒಂದು ಗಂಟು ಕಂಡ್ರೆ ಅದು ಅಲ್ಲೇ ಹುಟ್ಟಿದ್ದೋ, ಬೇರೆ ಕಡೆಯಿಂದ ಬಂದಿದ್ದೋ, ಅಲ್ಲಿಂದ ಬೇರೆ ಕಡೆಗೆ ಹೋಗಿದೆಯೋ ನೋಡಬೇಕು. ಶ್ವಾಸಕೋಶಕ್ಕೆ ಹೋಗಬಹುದು, ಮೂಳೆಗೆ ಹೋಗಬಹುದು."

ಸಾಹೇಬರ ಕೈ ತಾನಾಗಿ ಕಾಲರಿನ ಹತ್ತಿರ ಹೋಯಿತು. "ಹೋಗುತ್ತಾ?"

"ನಿಮ್ಮದು ಹೋಗಿಲ್ಲ, ನಾವು ನೋಡಿದ್ದೀವಿ. ಆದ್ರೆ ಬೇರೆಯವರದ್ದು ಹೋಗಬಹುದು. ಹಾಗಾಗಿ ಕುತ್ತಿಗೆ ಕಲಿಯೋರು ತಲೆಯಿಂದ ಕಾಲಿನವರೆಗೆ ಪೂರ್ತಿ ಕಲೀಬೇಕು. ಮಧ್ಯ ಎದ್ದು ಹೋಗೋ ಹಾಗಿಲ್ಲ. ಪಟ್ಟಿಗಿಟ್ಟಿ ಏನೂ ಇರಬಾರದು. ಕುತ್ತಿಗೆಗೋಸ್ಕರ ಕೇಳ್ತಿದ್ದೀನಿ."

"ಬರೀರಿ, ಬರೀರಿ," ಅಂತ ಸಾಹೇಬರು ನಿರ್ದೇಶಕರ ಕಡೆ ತಿರುಗಿದರು. "ಇದೆಲ್ಲ ಷರತ್ತಿನಲ್ಲಿ ಬರಬೇಕು. ಒಂದು ಬೆರಳು ಬಿಟ್ರೂ ನಾನು ಸುಮ್ಮನಿರಲ್ಲ."

ಹೀಗೆ ನಮ್ಮ ಆಸ್ಪತ್ರೆಯಲ್ಲಿ ಇಡೀ ಮೈಯ ಸಂಶೋಧನೆಗೂ ತರಬೇತಿಗೂ ಕಡೆಗೂ ಪೂರ್ತಿ ಹಣ ಬಂತು. ಕೇಂದ್ರದ ಹೆಸರು ಮಾತ್ರ ಕುತ್ತಿಗೆ ಅಧ್ಯಯನ ಕೇಂದ್ರ. ಕಾಲು ನೋವು ಅಂತ ಬಂದವರಿಗೆ ಕೌಂಟರಿನ ಹುಡುಗಿ, "ನೆಲಮಾಳಿಗೆಗೆ ಹೋಗಿ, ಕುತ್ತಿಗೆ ಅಂತ ಬೋರ್ಡಿದೆ, ಅದರೊಳಗೆ" ಅನ್ನುತ್ತಾಳೆ. ಅವರು ಅವಳ ಮುಖ ನೋಡುತ್ತಾರೆ. ಅಕ್ಕನಿಗೆ ಕುತ್ತಿಗೆ ಮೇಡಂ ಅಂತ ಹೆಸರು ಬಿದ್ದಿದೆ. ಹೊರಗಿನ ವಿಜ್ಞಾನಿಗಳ ಸಭೆಗಳಿಗೆ ಹೋದಾಗಲೆಲ್ಲ ಅವಳು ಮೊದಲು ಇದನ್ನು ವಿವರಿಸಿ, ಜನ ನಕ್ಕು ಮುಗಿಸುವ ತನಕ ಕಾದು, ಆಮೇಲೆ ಕೆಲಸದ ಮಾತಿಗೆ ಬರುತ್ತಾಳೆ. ಗಡ್ಡದ ಡಾಕ್ಟರು ನರ್ಸಿಂಗ್ ಹೋಮ್ ಬಿಟ್ಟು ವಾಪಸ್ ಬಂದ. ಈಗ ಹೊಸಬರ ಮುಂದೆ ಅವನೇ ಪರದೆಯ ಪಕ್ಕ ನಿಲ್ಲುತ್ತಾನೆ, ಅಕ್ಕ ಹಿಂದಿನ ಸಾಲಿನಲ್ಲಿ ಕೂತಿರುತ್ತಾಳೆ.

"ನಿನಗೆ ಬೇಜಾರಾಗಲ್ವಾ?" ಅಂತ ನಾನು ಒಮ್ಮೆ ಕೇಳಿದೆ. "ಇಷ್ಟೆಲ್ಲ ಮಾಡಿ, ಬೋರ್ಡಿನ ಮೇಲೆ ಕುತ್ತಿಗೆ."

"ಆಗುತ್ತೆ," ಅಂದಳು. "ಬೆಳಗ್ಗೆ ಬಾಗಿಲು ತೆಗಿಯುವಾಗ ಆಗುತ್ತೆ. ಒಳಗೆ ಹೋದ ಮೇಲೆ ಬೋರ್ಡು ಕಾಣಲ್ಲ."

ಮೊನ್ನೆ ದಿಂಬು ಮಾಡುವ ಕಂಪನಿಯೊಂದು ನಿರ್ದೇಶಕರನ್ನು ಹುಡುಕಿಕೊಂಡು ಬಂತು. ಕುತ್ತಿಗೆಗೆ ತಮ್ಮಷ್ಟು ಸೇವೆ ಮಾಡಿದವರು ಬೇರೆ ಯಾರೂ ಇಲ್ಲವಾದ್ದರಿಂದ ಕೇಂದ್ರಕ್ಕೆ ತಮ್ಮ ಹೆಸರೂ ಇರಲಿ, ದೊಡ್ಡ ಮೊತ್ತ ಕೊಡುತ್ತೇವೆ ಅಂದರು. ಇದು ಕಂಟ್ರಾಕ್ಟರ್ ಸಾಹೇಬರಿಗೆ ಗೊತ್ತಾಗಿ ಕಿಡಿಕಿಡಿಯಾದರು. "ಕುತ್ತಿಗೆ ನಂದು" ಅಂತ ಫೋನಿನಲ್ಲಿ ಕೂಗಿದರು. ಈಗ ಅವರಿಗೆ ಕೂಗುವಷ್ಟು ಗಂಟಲು ಬಂದಿದೆ. ನಿರ್ದೇಶಕರು ಎರಡು ದಿನ ತಲೆ ಕೆಡಿಸಿಕೊಂಡು ನನ್ನನ್ನು ಕರೆಸಿದರು.

"ರೀ, ಕುತ್ತಿಗೆಗೆ ಬೇರೆ ಬೇರೆ ಹೆಸರು ಏನೇನಿದೆ?"

ಕೊರಳು, ಕತ್ತು, ಹೆಗ್ಗತ್ತು ಅಂತ ಹೇಳಿದೆ. ಅವರ ಮುಖದಲ್ಲಿ ಬೆಳಕು ಮೂಡಿತು. ಮುಂದಿನ ಕೊರಳು ಸಾಹೇಬರಿಗೆ, ಹಿಂದಿನ ಹೆಗ್ಗತ್ತು ದಿಂಬಿನವರಿಗೆ. ಎರಡು ಫಲಕ, ಒಂದು ಬಾಗಿಲಿನ ಈಚೆ, ಒಂದು ಆಚೆ. ಇಬ್ಬರೂ ಒಪ್ಪಿದರು.

ಒಪ್ಪಿಗೆಯ ಸಹಿಗೆ ಕಾಗದ ಹಿಡಿದುಕೊಂಡು ಅಕ್ಕನ ಹತ್ತಿರ ಹೋದೆ. ಅವಳು ಕಾರಿಡಾರಿನಲ್ಲಿ ಬರುತ್ತಿದ್ದಳು, ಹಿಂದೆ ಹೊಸದಾಗಿ ಸೇರಿದವರ ಗುಂಪು. ನಿಂತು ಓದಲೂ ಇಲ್ಲ. ಗೋಡೆಗೆ ಕಾಗದ ಒತ್ತಿ ಹಿಡಿದು, ಎಲ್ಲೆಲ್ಲಿ ತೋರಿಸಿದೆನೋ ಅಲ್ಲೆಲ್ಲ ಸಹಿ ಹಾಕಿದಳು.

"ಹೆಗ್ಗತ್ತಿನವರಿಗೆ ಏನಾದ್ರೂ ಷರತ್ತು ಹಾಕೋದಿದೆಯಾ?" ಅಂತ ಕೇಳಿದೆ.

"ಅದೇ. ಕಲಿಯೋಕೆ ಬಂದೋರು ಅಂಗಾಲು ಬರೋ ತನಕ ಏಳಬಾರದು," ಅಂದು ಪೆನ್ನು ನನ್ನ ಕೈಗಿತ್ತು, ಆ ಹುಡುಗರನ್ನು ಕತ್ತಲೆ ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕಿಕೊಂಡಳು.